ರಸ್ತೆಗೊಂದು, ಟ್ರ್ಯಾಕಿಗೊಂದು: ನನ್ನ ಮಿಯಾಟಾಗೆ ಬ್ರೇಕ್ ಪ್ಯಾಡ್ ಆರಿಸಿದ್ದು ಹೀಗೆ

ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿದು ಕಾರು ನಿಲ್ಲಿಸುವುದು ಬ್ರೇಕ್ ಪ್ಯಾಡ್. ಅದನ್ನು ಕೊಳ್ಳುವಾಗ ಎಲ್ಲರ ಕಣ್ಣೂ ದೊಡ್ಡ ಸಂಖ್ಯೆಯ ಮೇಲೆ ಇರುತ್ತದೆ. ಇದು 700 ಡಿಗ್ರಿ ತಡೆಯುತ್ತದೆ, ಅದು 800 ತಡೆಯುತ್ತದೆ ಅಂತ. ನಾನು ಮೊದಲು ನೋಡುವುದು ಚಿಕ್ಕ ಸಂಖ್ಯೆಯನ್ನು. ಎಷ್ಟು ಬಿಸಿಯಾದ ಮೇಲೆ ಈ ಪ್ಯಾಡ್ ಹಿಡಿಯಲು ಶುರು ಮಾಡುತ್ತದೆ? ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ತಿರುವಲ್ಲಿ ಒತ್ತುವ ಬ್ರೇಕ್ ತಣ್ಣಗಿರುತ್ತದೆ. ಅಲ್ಲಿ ಶಾಲೆಗೆ ಹೋಗುವ ಮಕ್ಕಳು ರಸ್ತೆ ದಾಟುತ್ತಿರುತ್ತಾರೆ. ಅರ್ಧ ಹಿಡಿಯುವ ಪ್ಯಾಡ್ ನನಗೆ ಅಲ್ಲಿ ಬೇಡ.

ನನ್ನದು 1999ರ ಮಜ್ದಾ ಮಿಯಾಟಾ. ಎರಡು ಸೀಟು, 1.8 ಲೀಟರ್ ಎಂಜಿನ್, ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ವಾರವಿಡೀ ಆಫೀಸಿಗೆ ಇದೇ ಕಾರು, ಬಿಡುವು ಸಿಕ್ಕಾಗ ಲಗುನಾ ಸೆಕಾ ಅಥವಾ ಥಂಡರ್‌ಹಿಲ್ ರೇಸ್ ಟ್ರ್ಯಾಕಿಗೂ ಇದೇ.

ಟ್ರ್ಯಾಕ್ ಬ್ರೇಕಿಗೆ ಎಷ್ಟು ಕೆಲಸ ಕೊಡುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಲಗುನಾ ಸೆಕಾದ ಎರಡನೇ ತಿರುವು, ಆಂಡ್ರೆಟಿ ಹೇರ್‌ಪಿನ್. ಗಂಟೆಗೆ 160 ಕಿ.ಮೀ. ವೇಗದಲ್ಲಿ ಬಂದು 70ಕ್ಕೆ ಇಳಿಯಬೇಕು. ನಾನೂ ಸೇರಿ ಸುಮಾರು 1,150 ಕಿಲೋ. ಅಷ್ಟು ವೇಗ ಇಳಿಸಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಎರಡೂವರೆ ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು, ಅದೂ ಮೂರೇ ಸೆಕೆಂಡಲ್ಲಿ! ಅದರಲ್ಲಿ ಹೆಚ್ಚು ಪಾಲು ಹೋಗುವುದು ಮುಂದಿನ ಎರಡು ಡಿಸ್ಕಿಗೆ. ಅವುಗಳ ವ್ಯಾಸ ಬರೀ 255 ಮಿ.ಮೀ. ಒಂದು ಸುತ್ತಿನಲ್ಲಿ ಇಂಥದ್ದು ಮತ್ತೆ ಮತ್ತೆ. ಕಾರ್ಕ್‌ಸ್ಕ್ರೂ ಇಳಿಜಾರಿಗೆ ಮುಂಚೆ ಏರಿನ ತುದಿಯಲ್ಲಿ ಒತ್ತುವ ಬ್ರೇಕಂತೂ ತಪ್ಪುವ ಹಾಗೇ ಇಲ್ಲ. ಕಂಪನಿ ಪ್ಯಾಡ್ ಇಷ್ಟು ಬಿಸಿಯನ್ನು ಕೆಲವು ಸುತ್ತು ತಡೆಯುತ್ತದೆ, ಆಮೇಲೆ ಸೋಲುತ್ತದೆ.

ಸೋಲುವ ರೀತಿ ಎರಡು. ಅದನ್ನು ಕಾಲಲ್ಲೇ ಗುರುತಿಸಲು ಕಲಿಯಬೇಕು. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಕಾರು ನಿಧಾನ ಆಗುತ್ತಿಲ್ಲ ಅಂದರೆ ಸೋತಿರುವುದು ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಆಗಿದೆ. ಇದಕ್ಕೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಉಪಯೋಗ ಇಲ್ಲ. ಎಷ್ಟೋ ಜನ ಎರಡನೆಯ ಕಾಯಿಲೆಗೆ ಮೊದಲನೆಯದರ ಔಷಧಿ ಕೊಳ್ಳುತ್ತಾರೆ.

ನಾನು ಮೊದಲು ಅಳತೆ ಮಾಡಿದೆ. ಬಿಸಿಗೆ ಬಣ್ಣ ಬದಲಾಗುವ ಪೇಂಟ್ ಸಿಗುತ್ತದೆ. ಡಿಸ್ಕಿನ ಹೊರ ಅಂಚಿಗೆ ಮೂರು ಗೀಟು ಎಳೆಯಬೇಕು. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ಟ್ರ್ಯಾಕಿಂದ ಬಂದು ಚಕ್ರ ಬಿಚ್ಚಿ ನೋಡಿದಾಗ ಮುಂದಿನ ಡಿಸ್ಕಲ್ಲಿ ಹಸಿರು ಪೂರ್ತಿ ಬೆಳ್ಳಗಾಗಿತ್ತು. ಕಿತ್ತಳೆ ಅಲ್ಲಲ್ಲಿ ಹಳದಿಗೆ ತಿರುಗಿತ್ತು. ಕೆಂಪು ಹಾಗೇ ಇತ್ತು. ಹಿಂದಿನ ಡಿಸ್ಕಲ್ಲಿ ಹಸಿರೇ ಪೂರ್ತಿ ಬದಲಾಗಿರಲಿಲ್ಲ. ಅಂದರೆ ಮುಂದೆ 560ರ ಆಸುಪಾಸು, ಹಿಂದೆ ಅದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ. ನಾಲ್ಕೂ ಚಕ್ರಕ್ಕೆ ಒಂದೇ ಪ್ಯಾಡ್ ಯಾಕೆ ಬೇಡ ಅನ್ನುವುದು ಇಲ್ಲೇ ಕಾಣುತ್ತದೆ, ಅಲ್ವಾ? ಹಿಂದೆ ಅತಿ ಬಿಗಿಯಾಗಿ ಹಿಡಿಯುವ ಪ್ಯಾಡ್ ಹಾಕಿದರೆ ಬ್ರೇಕ್ ಒತ್ತಿ ತಿರುಗುವಾಗ ಕಾರಿನ ಹಿಂಭಾಗ ಜಾರುತ್ತದೆ.

ಎರಡಕ್ಕೂ ಆಗುತ್ತದೆ ಅಂತ ಮಾರುವ ಪ್ಯಾಡುಗಳೂ ಇವೆ. ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋಗಿ ಹದವಾಗಿ ಓಡಿಸುವವರಿಗೆ ಅದು ಸಾಕು. ಜೋರಾಗಿ ಓಡಿಸುವವರಿಗೆ ಅದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಾಗಾಗಿ ನಾನು ಎರಡು ಜೊತೆ ಇಟ್ಟುಕೊಂಡೆ. ರಸ್ತೆಗೆ ಕಾರ್ಬೋಟೆಕ್ 1521. ಟ್ರ್ಯಾಕಿಗೆ ಅದೇ ಕಂಪನಿಯ ಎಕ್ಸ್‌ಪಿ10 ಮುಂದೆ, ಎಕ್ಸ್‌ಪಿ8 ಹಿಂದೆ. ಒಂದೇ ಕಂಪನಿಯದು ಆರಿಸಿದ್ದಕ್ಕೆ ಕಾರಣ ಇದೆ. ಪ್ಯಾಡ್ ತನ್ನದೇ ವಸ್ತುವಿನ ತೆಳು ಪದರವನ್ನು ಡಿಸ್ಕಿಗೆ ಹಚ್ಚುತ್ತದೆ, ಆ ಪದರದ ಮೇಲೆಯೇ ಹಿಡಿತ ಸಿಗುವುದು. ಬೇರೆ ಬೇರೆ ಜಾತಿಯ ಪ್ಯಾಡ್ ಹಾಕುತ್ತಾ ಹೋದರೆ ಪದರ ಕಲಸುಮೇಲೋಗರ ಆಗುತ್ತದೆ. ಈ ಎರಡು ಜೊತೆಯಲ್ಲಿ ನನಗೆ ಆ ತೊಂದರೆ ಬಂದಿಲ್ಲ.

ಟ್ರ್ಯಾಕ್ ಪ್ಯಾಡನ್ನು ರಸ್ತೆಯಲ್ಲೂ ಸುಮ್ನೆ ಬಿಟ್ಟುಬಿಡೋಣ ಅನ್ನುವವರಿಗೆ ಒಂದು ಮಾತು. ಅದು ಬಿಸಿಗೆಂದೇ ಬೆರೆಸಿದ್ದು. ತಣ್ಣಗಿದ್ದಾಗ ಡಿಸ್ಕನ್ನು ಅರದಂತೆ ತಿನ್ನುತ್ತದೆ, ಪ್ರತಿ ಸಿಗ್ನಲ್ಲಲ್ಲೂ ಕಿರ್ರೋ ಅನ್ನುತ್ತದೆ. ಕಬ್ಬಿಣದ ಪುಡಿ ಚಕ್ರದ ಮೇಲೆ ಕೂತು ನೀರು ಬಿದ್ದರೆ ತುಕ್ಕಾಗಿ ಕಚ್ಚಿಕೊಳ್ಳುತ್ತದೆ.

ರಸ್ತೆಯ ಪ್ಯಾಡ್ ಆರಿಸುವಾಗ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣಕ್ಷರದ ಸಾಲಿನಲ್ಲಿ ಎಫ್‌ಎಫ್, ಜಿಜಿ ಅಂತ ಏನಾದರೂ ಇರುತ್ತದೆ. ಮೊದಲ ಅಕ್ಷರ ಕಡಿಮೆ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಇ ಅಂದರೆ ಘರ್ಷಣೆ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಮೊದಲ ಅಕ್ಷರ ಇ ಇದ್ದರೆ ನಾನು ವಾಪಸ್ ಇಡುತ್ತೇನೆ. ಈ ಪರೀಕ್ಷೆ ಟ್ರ್ಯಾಕಿನ ಬಿಸಿಯವರೆಗೆ ಹೋಗುವುದಿಲ್ಲ, ಆದ್ದರಿಂದ ಟ್ರ್ಯಾಕ್ ಪ್ಯಾಡಿಗೆ ಇದನ್ನು ನಂಬಬೇಡಿ. ಹಳೆಯ ವಿಮರ್ಶೆಗಳನ್ನೂ ಹಾಗೇ ನಂಬಬೇಡಿ. ಪ್ಯಾಡಿನ ಪುಡಿಯಲ್ಲಿರುವ ತಾಮ್ರ ಹೊಳೆ ಸೇರಿ ಮೀನಿಗೆ ಕುತ್ತು ತರುತ್ತದೆ ಅಂತ ಕ್ಯಾಲಿಫೋರ್ನಿಯಾ 2010ರಲ್ಲೇ ಕಾನೂನು ಮಾಡಿತು. 2021ರಿಂದ ಶೇ. 5, 2025ರಿಂದ ಶೇ. 0.5 ಮಿತಿ. ಹಾಗಾಗಿ ಪ್ಯಾಡಿನ ಹೆಸರು ಹಳೆಯದೇ ಇದ್ದರೂ ಒಳಗಿನ ಬೆರಕೆ ಬದಲಾಗಿರಬಹುದು.

ಬದಲಾಯಿಸುವುದು ಕಷ್ಟದ ಕೆಲಸ ಅಲ್ಲ. ರಸ್ತೆ ಪ್ಯಾಡಲ್ಲೇ ಟ್ರ್ಯಾಕಿಗೆ ಹೋಗಿ ಅಲ್ಲೇ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಬದಲಾಯಿಸುತ್ತೇನೆ. ಪ್ಯಾಡನ್ನು ಡಿಸ್ಕಿಗೆ ತಳ್ಳುವ ಪಿಸ್ಟನ್ ಮುಂದಿನ ಚಕ್ರದಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಹಿಂದಿನದು ಹಾಗಲ್ಲ. ಪಿಸ್ಟನ್ ಕೂರುವ ಕವಚದ (ಕ್ಯಾಲಿಪರ್) ಹಿಂಬದಿಯ ಸಣ್ಣ ಬೋಲ್ಟ್ ತೆಗೆದು, ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ ತಿರುಗಿಸಿ ಹಿಂದಕ್ಕೆ ತರಬೇಕು. ಹೊರಡುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೂ ಒತ್ತಿ ನೋಡಲೇಬೇಕು. ಪ್ಯಾಡ್ ಹೊಸದಾದರೆ ಹದ ಮಾಡಬೇಕು: ವೇಗವನ್ನು ಗಂಟೆಗೆ 100 ಕಿ.ಮೀ.ನಿಂದ 20ಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸದೆ, ಬೆನ್ನುಬೆನ್ನಿಗೆ ಎಂಟತ್ತು ಸಲ. ಅಂಟು ಸುಟ್ಟ ಘಾಟು ಬರುತ್ತದೆ, ಹೆದರಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ. ಕೆಂಡದಂಥ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ, ಆಮೇಲೆ ಸ್ಟಿಯರಿಂಗ್ ನಡುಗುತ್ತದೆ. ಟ್ರ್ಯಾಕಿಂದ ಒಳಗೆ ಬಂದಾಗಲೂ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಲ್ಲಿ ಬಿಡಿ.

ಬೆಂಗಳೂರಿನ ಗೆಳೆಯರು ಶ್ರೀಪೆರಂಬುದೂರು ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಕಾರು ಓಡಿಸಿಕೊಂಡೇ ಹೋಗುತ್ತಾರೆ. ಯಾವ ಪ್ಯಾಡ್ ಹಾಕಲಿ ಅಂತ ಕೇಳಿದರೆ ನಾನು ಮೊದಲು ಕೇಳುವುದು, ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು. ತೇವ ಹೀರಿದ ಮೇಲೆ ಅದರ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ನಾನು ಮೋಟುಲ್ ಆರ್‌ಬಿಎಫ್ 600 ಹಾಕುತ್ತೇನೆ, ಹೊಸದಿದ್ದಾಗ 312 ಡಿಗ್ರಿ. ಟ್ರ್ಯಾಕಿಗೆ ಹೋಗುವ ಮುಂಚೆ ನಾಲ್ಕೂ ಚಕ್ರದ ಬ್ರೇಕ್ ಆಯಿಲಿಂದ ಗಾಳಿ ತೆಗೆಯುತ್ತೇನೆ. ಅರ್ಧ ಸವೆದ ಪ್ಯಾಡನ್ನು ಟ್ರ್ಯಾಕಿಗೆ ಒಯ್ಯುವುದಿಲ್ಲ, ಯಾಕೆಂದರೆ ಪ್ಯಾಡ್ ತೆಳುವಾದಷ್ಟೂ ಬಿಸಿ ಬೇಗ ಆಯಿಲಿಗೆ ಇಳಿಯುತ್ತದೆ.