ಮರದ ಸ್ಟೂಲಿಗೆ ಹಾಲಿನ ಬಣ್ಣ ಬಳಿಯುವುದು

ಹಾಲಿನ ಬಣ್ಣ ಅಂದರೆ ಒಡೆದ ಹಾಲಿನ ಗಟ್ಟಿಗೆ ಸುಣ್ಣ, ಬಣ್ಣದ ಪುಡಿ ಕಲಸಿ ಮಾಡುವ, ಬರಿಮರದೊಳಗೆ ಇಂಗಿ ಹಿಡಿಯುವ ಬಣ್ಣ. ಹಾಗಾಗಿ ಮೊದಲು ಸ್ಟೂಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಇಂಗಿದರೆ ಸರಿ. ಮಣಿಯಂತೆ ಹಾಗೇ ನಿಂತರೆ ಹಳೆಯ ವಾರ್ನಿಶ್ ಇನ್ನೂ ಇದೆ. ಅದರ ಮೇಲೆ ಬಳಿದದ್ದು ಒಣಗುತ್ತಲೇ ಹಕ್ಕಳೆ ಏಳುತ್ತದೆ. 120 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಬರಿಮರ ಕಾಣುವ ತನಕ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ನಾರು ಏಳುತ್ತದೆ. 220 ನಂಬರಿನಲ್ಲಿ ಹಗುರವಾಗಿ ತೆಗೆಯಿರಿ.

ಕೆನೆ ತೆಗೆದ ಹಾಲು 1 ಲೀಟರ್ ಬೇಕು. ಜಿಡ್ಡು ಉಳಿದರೆ ಸುಣ್ಣ ಅದನ್ನು ಸಾಬೂನು ಮಾಡಿಬಿಡುತ್ತದೆ, ಬಣ್ಣದ ಹಿಡಿತ ಸಡಿಲವಾಗುತ್ತದೆ. ಹಾಲನ್ನು ಬೆಚ್ಚಗೆ ಮಾಡಿ, ಕುದಿಸಬೇಡಿ. ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಹುಳಿ ಪೂರ್ತಿ ಹೋಗುವಂತೆ ನೀರಿನಲ್ಲಿ ತೊಳೆದು ಹಿಂಡಿ. ಹುಳಿ ಉಳಿದಷ್ಟೂ ಸುಣ್ಣದ ಬಲ ಕಡಿಮೆ.

ಈ ಗಟ್ಟಿ 5 ಚಮಚಕ್ಕೆ ನೀರಲ್ಲಿ ಅರಳಿಸಿದ, ಮೊಸರಿನಷ್ಟು ದಪ್ಪನೆಯ ಸುಣ್ಣ 1 ಚಮಚ. ಸ್ಟೀಲು ಇಲ್ಲವೇ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಸಿ. ಅಲ್ಯೂಮಿನಿಯಂ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಕಲಸುತ್ತ ಹೋದಂತೆ ಉಂಡೆಗಳು ಕರಗಿ, ಹೊಳೆಯುವ ಅಂಟಾಗುತ್ತದೆ. ನೋಡಲು ತುಂಬ ಚೆಂದ! ತರಿತರಿಯಾಗೇ ಉಳಿದರೆ ಸುಣ್ಣ ಹಳೆಯದು, ಗಾಳಿಗೆ ಸೀಮೆಸುಣ್ಣದಂತಾಗಿದೆ. ಹೊಸದು ತನ್ನಿ.

ಕೆಮ್ಮಣ್ಣಿನ ಪುಡಿ 2 ಚಮಚವನ್ನು ನೀರಲ್ಲಿ ಅರೆದು ಸೇರಿಸಿ, ತೆಳು ಮಜ್ಜಿಗೆಯ ಹದಕ್ಕೆ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ. ಒಂದು ಚೂರು ಮರಕ್ಕೆ ಬಳಿದು ಒಣಗಿದ ಮೇಲೆ ಬೆರಳಿಂದ ಉಜ್ಜಿ. ಬೆರಳು ಕೆಂಪಾದರೆ ಪುಡಿ ಹೆಚ್ಚಾಗಿದೆ, ಅಂಟು ಸಾಲದು.

ನೆರಳಲ್ಲಿ, ನಾರಿನ ಉದ್ದಕ್ಕೆ ತೆಳುವಾಗಿ ಬಳಿಯಿರಿ. ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ಪುಡಿ ತಳ ಹಿಡಿಯುವುದರಿಂದ ಆಗಾಗ ಕಲಕಿ. ಮೊದಲ ಕೋಟು ಮಚ್ಚೆಮಚ್ಚೆಯಾಗಿ, ಪೇಲವವಾಗಿ ಕಾಣುತ್ತದೆ. ಗಾಬರಿ ಬೇಡ, ಅದು ಹಾಗೇ. ಎರಡು ಗಂಟೆ ಬಿಟ್ಟು ಎರಡನೆಯದು. ಕಲಸಿದ ಬಣ್ಣ ಅಂದೇ ಮುಗಿಯಬೇಕು, ಮರುದಿನಕ್ಕೆ ಹಳಸುತ್ತದೆ.

ಇಷ್ಟಕ್ಕೇ ಬಿಟ್ಟರೆ ನೀರು ಬಿದ್ದಲ್ಲೆಲ್ಲ ಕಲೆ ಉಳಿಯುತ್ತದೆ. ಒಂದು ದಿನ ಒಣಗಿಸಿ, ಮರಗೆಲಸದ ಅಗಸೆ ಎಣ್ಣೆ ತೆಳುವಾಗಿ ಸವರಿ, ಅರ್ಧ ಗಂಟೆಯ ನಂತರ ಹೆಚ್ಚಾದದ್ದನ್ನು ಒರೆಸಿ. ಪೇಲವ ಕೆಂಪು ಆಗ ಗಾಢವಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ.