ರಾತ್ರಿ 2 ಗಂಟೆಗೆ ನರ್ಸ್ ಫೋನ್ ಬಂದರೆ: ಆನ್‌ಲೈನ್‌ನಲ್ಲಿ ನಾನು ಕಲಿಸಿದ್ದು

ಇನ್ನೇನು ವಾರ್ಡ್ ಡ್ಯೂಟಿಗೆ ಹೋಗಬೇಕಾದ ಮೆಡಿಕಲ್ ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಪಾಠ ಶುರುಮಾಡಿದಾಗ, ಮೊದಲ ಕೆಲವು ಕ್ಲಾಸು ಬರೀ ಸ್ಲೈಡ್ ತೋರಿಸಿದೆ. ಎಲ್ಲರ ಕ್ಯಾಮೆರಾ ಆಫ್. "ಅರ್ಥ ಆಯ್ತಾ?" ಅಂದರೆ ಚಾಟ್‌ನಲ್ಲಿ ಸಾಲಾಗಿ "ಆಯ್ತು ಮೇಡಂ". ಏನೂ ಆಗಿರಲಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು.

ಒಂದು ದಿನ ಸ್ಲೈಡ್ ಪಕ್ಕಕ್ಕಿಟ್ಟೆ. ಎಂಟೇ ಜನರ ಗುಂಪು ಮಾಡಿದೆ. "ಈಗ ರಾತ್ರಿ 2 ಗಂಟೆ. ನೀವು ಡ್ಯೂಟಿ ಡಾಕ್ಟರ್, ನಾನು ನರ್ಸ್" ಅಂದು ಫೋನ್ ಮಾಡಿದವಳಂತೆ ಹೇಳಿದೆ: "ಡಾಕ್ಟ್ರೇ, ಆರನೇ ಬೆಡ್‌ನವರು ಯಾಕೋ ಸರಿ ಕಾಣ್ತಿಲ್ಲ." ಅಷ್ಟೇ. ಕೇಳಿದ್ದಕ್ಕೆ ಮಾತ್ರ ಉತ್ತರ.

ಒಬ್ಬ ಸೀದಾ ಔಷಧಿ ಹೆಸರು ಹೇಳಿದ. ಇನ್ನೊಬ್ಬಳು ಬಿಪಿ ಕೇಳಿದಳು. 100/60 ಅಂದೆ. ನಾಡಿ 118. ಜ್ವರ, ಆಕ್ಸಿಜನ್, ಶುಗರ್ ಎಲ್ಲ ಕೇಳಿದರು. ಉಸಿರು ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಅದು 28 ಇತ್ತು. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಇರಬೇಕು. ರೋಗಿ ಕೆಡುವಾಗ ಎಷ್ಟೋ ಸಲ ಬಿಪಿ ಇಳಿಯುವ ಮೊದಲೇ ಉಸಿರು ಜಾಸ್ತಿ ಆಗುತ್ತದೆ. ಆದರೂ ನಾವು ಕೇಸ್ ಶೀಟ್‌ನಲ್ಲಿ ಎಣಿಸದೆ ಸುಮ್ನೆ 18 ಅಂತ ಬರೆದುಬಿಡುತ್ತೇವೆ, ಅಲ್ವಾ?

ಅದಕ್ಕೇ ನಾನೇ ಕ್ಯಾಮೆರಾ ಮುಂದೆ ಕೂತು ಬೇಗ ಬೇಗ ಉಸಿರಾಡಿದೆ. ಅವರು ಪೂರ್ತಿ 60 ಸೆಕೆಂಡ್ ಎಣಿಸಬೇಕು. ಒಂದು ನಿಮಿಷ ಎಷ್ಟು ಉದ್ದ ಅಂತ ಆವತ್ತು ಎಲ್ಲರಿಗೂ ತಿಳಿಯಿತು. ಮೊದಲ ಸಲ ಎಂಟು ಜನರಿಂದ ಐದು ಬೇರೆ ಬೇರೆ ಲೆಕ್ಕ ಬಂತು. ಮೂರನೇ ಸಲಕ್ಕೆ ಹತ್ತಿರ ಹತ್ತಿರ ಬಂದರು.

ಆಮೇಲೆ ಸೀನಿಯರ್‌ಗೆ ಫೋನ್ ಮಾಡುವುದು. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳುವುದಕ್ಕೇ ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಅನ್ನುವುದು. ಮೊದಲ ಮೂರನ್ನು ಚೆನ್ನಾಗಿ ಹೇಳುತ್ತಾರೆ. ಕೊನೆಯದಕ್ಕೆ ಬಂದಾಗ ದನಿ ಇಳಿಯುತ್ತದೆ, "ಸುಮ್ನೆ ತಿಳಿಸೋಣ ಅಂತ ಮಾಡಿದೆ" ಅನ್ನುತ್ತಾರೆ. ಸೀನಿಯರ್ ನಿದ್ದೆ ಕೆಡಿಸಿದೆವಲ್ಲ ಅನ್ನುವ ಹೆದರಿಕೆ. "ನನಗೆ ಭಯ ಆಗ್ತಿದೆ, ದಯವಿಟ್ಟು ಈಗಲೇ ಬಂದು ನೋಡಿ" ಅನ್ನುವ ಮಾತನ್ನು ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದೆ, ದನಿ ನಡುಗದೆ ಬರುವ ತನಕ.

ಹೊಟ್ಟೆ ಮುಟ್ಟಿ ನೋಡುವುದು, ರಕ್ತ ತೆಗೆಯುವುದು ಪರದೆಯಲ್ಲಿ ಬರುವುದಿಲ್ಲ. ಅದಕ್ಕೆ ಪ್ರಯತ್ನವನ್ನೂ ಮಾಡಲಿಲ್ಲ. ಅವೆಲ್ಲ ವಾರ್ಡ್‌ನಲ್ಲೇ, ರೋಗಿಯ ಪಕ್ಕದಲ್ಲಿ ನಿಂತು, ಒಬ್ಬೊಬ್ಬರಿಗೇ ಕಲಿಸುತ್ತೇನೆ.