ಸಾಲ ಅವಳ ಹೆಸರಿಗೆ, ಹಾಲಿನ ದುಡ್ಡು ಯಾರ ಖಾತೆಗೆ?

ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋದು ನಾನು. ತುಮಕೂರು ಕಡೆಯ ಸಣ್ಣ ಊರು, 16 ಜನ ಸದಸ್ಯರು, ಶನಿವಾರ ಸಂಜೆ ಅಂಗನವಾಡಿಯಲ್ಲಿ ಸಭೆ. ವಾರಕ್ಕೆ 10 ರೂಪಾಯಿಯಿಂದ ಶುರುವಾದ ಉಳಿತಾಯ ಈಗ 50ಕ್ಕೆ ಬಂದಿದೆ.

ಮೊದಮೊದಲು ನನಗೆ ಒಂದೇ ಚಿಂತೆ, ಕಂತು ಸರಿಯಾಗಿ ಬರಬೇಕು. ಬ್ಯಾಂಕಿನವರು ನೋಡೋದೂ ಹೆಚ್ಚುಕಮ್ಮಿ ಅದನ್ನೇ. ಸಭೆ ತಪ್ಪಿಲ್ಲವಾ, ಉಳಿತಾಯ ಕಟ್ಟಿದ್ದಾರಾ, ಸದಸ್ಯರ ನಡುವಿನ ಒಳಸಾಲ ಓಡಾಡ್ತಿದೆಯಾ, ಸಾಲ ವಾಪಸ್ ಬಂತಾ, ಪುಸ್ತಕ ಬರೆದಿದ್ದಾರಾ. ಈ ಐದಕ್ಕೆ ಪಂಚಸೂತ್ರ ಅಂತಾರೆ. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ, ಅಡವಿಡಲು ಏನೂ ಇಲ್ಲದ ಹೆಂಗಸರಿಗೆ ಕೊಟ್ಟ ಸಾಲ ವಾಪಸ್ ಬರುತ್ತಾ ಅನ್ನೋದೇ ದೊಡ್ಡ ಪ್ರಶ್ನೆ. ಬರುತ್ತೆ ಅಂತ ಊರೂರಿನ ಸಂಘಗಳು ತೋರಿಸಿಕೊಟ್ಟು ಎಷ್ಟೋ ವರ್ಷ ಆಯಿತು. ಆ ದುಡ್ಡಿಂದ ಹೆಂಗಸಿನ ಕೈಗೆ ಏನು ಬಂತು ಅಂತ ಬರೆಯೋಕೆ ಮಾತ್ರ ನಮ್ಮ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ನನಗೆ ಇದು ಹೊಳೆದದ್ದು ಮೂಲೆಮನೆ ಅಕ್ಕನಿಂದ. ಸಂಘದಿಂದ 40,000 ಸಾಲ ತಗೊಂಡು ಹಸು ತಂದಿದ್ದಳು. ದಿನಕ್ಕೆ ಸುಮಾರು ಹತ್ತು ಲೀಟರ್ ಹಾಲು. ಒಂದು ವಾರವೂ ಕಂತು ತಪ್ಪಿಸಿದವಳಲ್ಲ. ಒಂದು ಶನಿವಾರ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದಳು. ಉಗುರಿನ ತುಂಬ ಕೆಂಪು ಮಣ್ಣು. ನೆಟ್ಟಗೆ ಕಡಲೆಕಾಯಿ ಕೀಳೋ ಕೂಲಿಯಿಂದ ಬಂದಿದ್ದಳು.

"ಮನೇಲಿ ಕರೆಯೋ ಹಸು ಇಟ್ಕೊಂಡು ಕಂತಿಗೆ ಕೂಲಿ ದುಡ್ಡು ಯಾಕಕ್ಕ?" ಅಂದೆ.

"ಹಾಲಿನ ಬಟವಾಡೆ ಅವರ ಖಾತೆಗೆ ಹೋಗ್ತದಲ್ಲಮ್ಮ."

ಡೇರಿ ಸದಸ್ಯತ್ವ ಗಂಡನ ಹೆಸರಲ್ಲಿತ್ತು. ಹುಲ್ಲು ಕೊಯ್ಯೋದು, ಸಗಣಿ ಬಾಚೋದು, ಬೆಳಗಿನ ಜಾವ ಹಾಲು ಕರೆದು ಕ್ಯಾನ್ ಹೊತ್ತು ಡೇರಿಗೆ ಹಾಕೋದು ಇವಳು. ಸಾಲ ತೀರಿಸೋದೂ ಇವಳೇ, ಅದೂ ಬೇರೆಯವರ ಹೊಲದಲ್ಲಿ ದುಡಿದು. ಹಾಲಿನ ದುಡ್ಡು, ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡೋ ಪ್ರೋತ್ಸಾಹಧನ, ಎರಡೂ ಅವನ ಖಾತೆಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ದಿನ ಅವಳ ಹೆಸರಿನ ಮುಂದೆ ಖುಷಿಯಿಂದ ಟಿಕ್ ಹಾಕಿಕೊಂಡು ಬಂದವಳು ನಾನೇ ಅಲ್ವಾ?

ಮುಂದಿನ ವಾರ ಸಾಲದ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಇನ್ನೆರಡು ಗೆರೆ ಎಳೆದೆ. ಒಂದು ಕಾಲಂ, "ವಸ್ತು ಯಾರ ಹೆಸರಿಗೆ". ಇನ್ನೊಂದು, "ವರಮಾನ ಯಾರ ಕೈಗೆ". ಒಬ್ಬೊಬ್ಬರನ್ನೇ ಕೇಳಿ ತುಂಬಿಸಿದೆ. ಚಾಲ್ತಿಯಲ್ಲಿದ್ದ 11 ಸಾಲಗಳಲ್ಲಿ ಎರಡೂ ಕಡೆ ಸದಸ್ಯೆಯ ಹೆಸರೇ ಬಂದದ್ದು ನಾಲ್ಕರಲ್ಲಿ. ಹೊಲಿಗೆ ಮಿಷನ್ ಎರಡು, ಕುರಿ ಒಂದು, ಹೂವಿನ ವ್ಯಾಪಾರ ಒಂದು. ಸಭೆಯಲ್ಲಿ ಓದಿ ಹೇಳಿದಾಗ ಯಾರೂ ಮಾತಾಡಲಿಲ್ಲ.

ಅಕ್ಕನ ಮನೆಗೆ ನಾವು ಮೂವರು ಹೋದೆವು. ಜಗಳಕ್ಕಲ್ಲ. ಅವಳ ಗಂಡ ಕಾಫಿ ಕೊಡಿಸಿದ, "ಅವಳ ಹೆಸರಾದ್ರೇನು, ನನ್ನ ಹೆಸರಾದ್ರೇನು, ಎಲ್ಲಾ ಒಂದೇ ಮನೆ ತಾನೇ?" ಅಂದ. ನಮ್ಮ ಎರಡನೇ ಪ್ರತಿನಿಧಿ ಮೆಲ್ಲಗೆ ಹೇಳಿದಳು: "ಒಂದೇ ಅಂದ್ಮೇಲೆ ಅವಳ ಹೆಸರಿಗೇ ಇರಲಿ ಬಿಡಣ್ಣ." ಅಣ್ಣ ಸುಮ್ಮನಾದ. ಡೇರಿಯಲ್ಲೂ "ಯಜಮಾನರು ಇದ್ದಾರಲ್ಲ" ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಸಂಘದಲ್ಲಿ ಠರಾವು ಬರೆದು, ಅರ್ಜಿ, ಆಧಾರ್, ಪಾಸ್‌ಬುಕ್, ಷೇರು ಹಣ ಎಲ್ಲಾ ಹಿಡಿದುಕೊಂಡು ಎಂಟು ಜನ ಒಟ್ಟಿಗೆ ಹೋದೆವು. ಆಯಿತು.

ಈಗ ನಮ್ಮ ನಿಯಮ ಇಷ್ಟೇ. ಸಾಲ ಮಂಜೂರು ಮಾಡೋ ಮುಂಚೆ ಆ ಎರಡು ಕಾಲಂ ತುಂಬಬೇಕು. ಹಸುವಾದರೆ ಡೇರಿ ಖಾತೆ ಮತ್ತು ವಿಮೆ ಅವಳ ಹೆಸರಿಗೆ, ಅಂಗಡಿಯಾದರೆ ಲೈಸೆನ್ಸ್ ಅವಳ ಹೆಸರಿಗೆ.

ಎಲ್ಲಾ ಕಡೆ ಇದು ನಡೆಯೋದಿಲ್ಲ. ಒಬ್ಬಳ ಸಾಲ ಬೋರ್‌ವೆಲ್‌ಗೆ ಹೋಗಿತ್ತು. ನೀರೂ ಬಂತು. ಆದರೆ ಪಹಣಿ ಮಾವನ ಹೆಸರಲ್ಲಿದೆ, ಬೆಳೆ ಮಾರಿದ ದುಡ್ಡೂ ಅವರ ಕೈಗೇ. ಅಲ್ಲಿ ನಾವು ಸೋತೆವು. ಮೈಕ್ರೋಫೈನಾನ್ಸ್ ಕಂಪನಿಗಳ ಸಾಲದ ಕಥೆ ಇನ್ನೂ ಕಷ್ಟ. ಹೆಂಡತಿ ಹೆಸರಲ್ಲಿ ಸಾಲ ಎತ್ತಿಸಿ ಗಂಡ ಖರ್ಚು ಮಾಡಿದರೆ, ವಾರ ವಾರ ಬಾಗಿಲಲ್ಲಿ ನಿಂತು ಮಾತು ಕೇಳೋಳು ಅವಳು. ಮನೆಯ ತಿಂಗಳ ವರಮಾನದ ಅರ್ಧಕ್ಕಿಂತ ಜಾಸ್ತಿ ಕಂತಿಗೆ ಹೋಗಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಅದನ್ನು ಸಭೆಯಲ್ಲಿ ಮತ್ತೆ ಮತ್ತೆ ಹೇಳ್ತೀನಿ.

ಅಕ್ಕ ಹಳೆ ಸಾಲ ತೀರಿಸಿ, ಎರಡನೇ ಹಸುವಿಗೆ ಅರ್ಜಿ ಕೊಟ್ಟಳು. ಅವಳಿಗೆ ಸಹಿಯಷ್ಟೇ ಬರುತ್ತಿತ್ತು. ನಾನು ಕಾಲಂ ತುಂಬಲು ಹೋದರೆ ಪೆನ್ನು ಇಸ್ಕೊಂಡಳು. "ವರಮಾನ ಯಾರ ಕೈಗೆ" ಅನ್ನೋ ಕಡೆ, ಅಷ್ಟು ಸಣ್ಣ ಜಾಗದಲ್ಲಿ, ಗೆರೆ ದಾಟಿ ಪಕ್ಕದ ಕಾಲಂಗೂ ಹೋಗೋ ಹಾಗೆ ದೊಡ್ಡದಾಗಿ ಸಹಿ ಹಾಕಿದಳು.